ನೂರೈವತ್ತರ ವೇಗದಲ್ಲಿ ಕಾಣದ ಮುಖ

ಮೂರು ವಾರದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಒಬ್ಬ ಮನುಷ್ಯ ನನ್ನಿಂದ ಒಂದು ಮೊಳ ದೂರದಲ್ಲಿ ಕೈ ಎತ್ತಿಕೊಂಡು ನಿಂತಿದ್ದ. ಬಟಾಬಯಲು, ಉರಿಬಿಸಿಲು. ನನ್ನ ಕಣ್ಣು ಪೂರ್ತಿ ತೆರೆದಿತ್ತು.

ನಾನು ಅವನನ್ನು ನೋಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಶಿರಾದಲ್ಲಿ ಗ್ಯಾರೇಜ್ ಇಟ್ಟಿರುವ ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ. ಮಧುಗಿರಿಯ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದರೆ ಕೊನೆಯ ಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನ ತುಂಬ ಕಾರಿನ ಚಿತ್ರ ಬರೆಯುತ್ತಿದ್ದವನು. ಈಗ ಅವನಿಗೆ ಮೂವತ್ತೈದು, ಎರಡು ಹೆಣ್ಣುಮಕ್ಕಳು. ನನ್ನ ಕಾರಿನ ಸರ್ವಿಸ್ ಅವನದೇ. ಒಂದು ದಿನ ಗ್ಯಾರೇಜಿನಲ್ಲಿ ಕಾಯುತ್ತ ಕೂತಿದ್ದಾಗ ಸುದ್ದಿ ಕಿವಿಗೆ ಬಿತ್ತು. ಇವನೂ ಇವನಂಥ ಮೂರ್ನಾಲ್ಕು ಜನರೂ ಭಾನುವಾರ ಪಾವಗಡದ ಕಡೆ ಹೋಗಿ ಕದ್ದುಮುಚ್ಚಿ ಕಾರ್ ರೇಸ್ ಮಾಡುತ್ತಾರಂತೆ.

ಪಾಠ ಮಾಡಿದ ಬಾಯಿ, ಸುಮ್ಮನಿರುತ್ತದೆಯೇ? ಚೆನ್ನಾಗಿ ಬೈದೆ. ಪೇಪರಿನ ನನ್ನ ಅಂಕಣದಲ್ಲಿ ಬರೆಯುತ್ತೇನೆ ಎಂದು ಹೆದರಿಸಿದೆ.

ಅವನು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ ಹೇಳಿದ: "ಬರೀರಿ ಮೇಡಮ್. ಆದ್ರೆ ಒಂದ್ಸಲ ಪಕ್ಕದ್ ಸೀಟ್ನಾಗೆ ಕೂತ್ಕಂಡು ನೋಡ್ಬುಟ್ಟು ಬರೀರಿ."

ಸರಿ, ಅಂಕಣಕ್ಕೆ ವಿಷಯ ಸಿಗುತ್ತದೆಂದು ಹೋದೆ. (ಮನೆಯವರಿಗೆ ಹೇಳಿದ್ದು ಹಾಗೆ. ನಿಮಗೂ ಅದನ್ನೇ ಹೇಳಿದರೆ ನಂಬುತ್ತೀರಾ?)

ರಾಯಚರ್ಲು ಕಡೆ ಹೋದವರಿಗೆ ಆ ಜಾಗ ಗೊತ್ತು. ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್‌ಗಳು. ನಡುವೆ ಗೆರೆ ಎಳೆದಂತೆ ರಸ್ತೆ, ಎರಡೂ ಕಡೆ ತಂತಿ ಬೇಲಿ. ಮರವಿಲ್ಲ, ದನವಿಲ್ಲ, ಕಾಗೆ ಕೂಡ ಇಲ್ಲ. ಪ್ಯಾನೆಲ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು, ಯಾರನ್ನೋ ಕಾಯುವ ಜನರ ಹಾಗೆ. ಎಲ್ಲಿಂದಲೋ ಒಂದು ಸಣ್ಣ ಗುಂಯ್ ಶಬ್ದ. ಕರೆಂಟಿನದು ಎಂದ ಮಂಜುನಾಥ.

ಎದುರಾಳಿ ಕೊರಟಗೆರೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. (ಹೆಸರು ಬರೆಯುವಂತಿಲ್ಲ, ಅವರ ಹೆಂಡತಿ ಈ ಪೇಪರ್ ಓದುತ್ತಾರೆ.) ರಸ್ತೆಯ ಆ ತುದಿಯಲ್ಲಿ ಅವರ ಸ್ನೇಹಿತರೊಬ್ಬರು ನಿಂತು ಯಾವ ಗಾಡಿಯೂ ಬರುತ್ತಿಲ್ಲ ಎಂದು ಫೋನ್ ಮಾಡಿದರು. ಎರಡು ಕಾರು ಅಕ್ಕಪಕ್ಕ ನಿಂತವು. ನಾನು ಎಡಗಡೆ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತೆ.

ಆಮೇಲಿನದನ್ನು ಹೇಗೆ ಹೇಳಲಿ? ಬೆನ್ನು ಸೀಟಿಗೆ ಅಂಟಿಕೊಂಡಿತು. ಬೇಲಿಯ ಕಂಬಗಳು ಕರಗಿ ಒಂದು ಬೂದು ಗೋಡೆಯಾದವು. ಮೀಟರಿನ ಮುಳ್ಳು ನೂರೈವತ್ತು ದಾಟಿತು. ಐವತ್ತೆರಡರ ವಯಸ್ಸಿನ ಮಂಡಿನೋವು, ಪೇಪರ್ ವ್ಯಾಲ್ಯುಯೇಷನ್, ಅತ್ತೆಯ ಬಿಪಿ ಮಾತ್ರೆ ಎಲ್ಲ ಹಿಂದೆ ಉಳಿದವು. ನಾನು ಗಟ್ಟಿಯಾಗಿ ನಗುತ್ತಿದ್ದೆ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ!

ನಡುವೆ ಎಲ್ಲೋ 'ಟಕ್' ಎಂದಿತು. ಕಲ್ಲು ಸಿಡಿದಿರಬೇಕು ಎಂದುಕೊಂಡೆವು.

ಗೆದ್ದೆವು. ಮಂಜುನಾಥನ ಮುಖ ನೋಡಬೇಕಿತ್ತು. ಊರಿನ ಹತ್ತಿರದ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ ಇಳಿದಾಗ ಎಡಗಡೆಯ ಕನ್ನಡಿ ಒಳಕ್ಕೆ ಮಡಚಿಕೊಂಡಿದ್ದು ಕಂಡಿತು. ಗಾಜು ಒಡೆದಿತ್ತು. ಕಲ್ಲು ಇಷ್ಟು ಮಾಡುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ಕಾರಿನೊಳಗೆ, ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾ ಇತ್ತು. ಮಂಜುನಾಥ ಅದರ ವಿಡಿಯೋ ತನ್ನ ಫೋನಿನಲ್ಲಿ ಹಾಕಿದ.

ಮೊದಲ ಸಲ ಏನೂ ಕಾಣಲಿಲ್ಲ. ನಿಧಾನ ಮಾಡಿ ಹಾಕಿದ.

ಬೇಲಿಯ ಗೇಟಿನ ಮುಂದೆ, ಟಾರಿನ ಅಂಚಿನಲ್ಲಿ, ಒಬ್ಬ ಮನುಷ್ಯ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈ ಮೇಲಕ್ಕೆ ಎತ್ತಿದ್ದಾನೆ. ಅವನು ದೊಡ್ಡವನಾಗುತ್ತ ಬಂದ, ತೀರಾ ಹತ್ತಿರ ಬಂದ, ಆಮೇಲೆ ಇಲ್ಲ. ಅದೇ ಗಳಿಗೆಯಲ್ಲಿ ಫೋನಿನಿಂದ ಒಂದು ಹೆಂಗಸಿನ ನಗು ಕೇಳಿಸಿತು.

ಅದು ನನ್ನದು.

ಯಾರೂ ಟೀ ಕುಡಿಯಲಿಲ್ಲ. ಮೇಷ್ಟ್ರು ತಮ್ಮ ಕಾರು ಹತ್ತಿ ಹೊರಟುಹೋದರು. ನಾವಿಬ್ಬರು ವಾಪಸ್ ಹೋದೆವು. ಗೇಟಿನ ಮುಂದೆ ಸ್ಟೀಲ್ ಡಬ್ಬಿ ಚಪ್ಪಟೆಯಾಗಿ ಬಿದ್ದಿತ್ತು. ಅನ್ನ ಟಾರಿನ ಮೇಲೆ ಚೆಲ್ಲಿ ಆಗಲೇ ಒಣಗುತ್ತಿತ್ತು. ಮನುಷ್ಯನಿಲ್ಲ. ಮಂಜುನಾಥ ಚರಂಡಿಗೆ ಇಳಿದು ಹುಡುಕಿದ. ನಾನು ಬೇಲಿಯುದ್ದಕ್ಕೂ ನಡೆದೆ, ಪ್ಯಾನೆಲ್‌ಗಳ ಅಡಿಯ ಕಪ್ಪು ನೆರಳಿನಲ್ಲಿ ಒಂದು ಬಿಳಿ ಅಂಗಿಗಾಗಿ ಬಗ್ಗಿ ಬಗ್ಗಿ ನೋಡುತ್ತ. ಯಾರಾದರೂ ಇದ್ದೀರಾ ಎಂದು ಕೂಗಿದೆ. ಆ ಗುಂಯ್ ಶಬ್ದ ಬಿಟ್ಟರೆ ಉತ್ತರವಿಲ್ಲ. ನಾವು ನೋಡಿದ್ದು ನಿಜವೇ ಎಂದು ಮಂಜುನಾಥ ಫೋನ್ ತೆಗೆದು ಮತ್ತೆ ನೋಡಿದ. ನಿಜವೇ ಆಗಿತ್ತು.

ಒಂದು ಗಂಟೆ ಊರಲ್ಲಿ ವಿಚಾರಿಸಿದ ಮೇಲೆ ಅವನು ಸಿಕ್ಕಿದ. ಸಿಕ್ಕಿದರು ಎನ್ನಬೇಕು, ಅರವತ್ತು ದಾಟಿದ ಜೀವ. ಹೆಸರು ಓಬಳಪ್ಪ. ಪ್ಯಾನೆಲ್ ತೊಳೆಯುವ ಕೆಲಸ. ಮನೆಯ ಜಗಲಿಯ ಮೇಲೆ ಎಡಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಕನ್ನಡಿ ಬಡಿದದ್ದು ಡಬ್ಬಿಗೆ. ಡಬ್ಬಿ ಹಿಡಿದ ಬೆರಳುಗಳು ಬದನೆಕಾಯಿಯ ಹಾಗೆ ಊದಿದ್ದವು. ಇನ್ನೊಂದು ಹೆಜ್ಜೆ ಮುಂದಿದ್ದರೆ? ಮಂಜುನಾಥ ಜಗಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತ.

ಓಬಳಪ್ಪ ಅವನತ್ತ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಏಮಮ್ಮಾ, ಕಾರ್ನಾಗಿದ್ದಾಕಿ ನೀನೇ ಅಲ್ವಾ?"

ಹೌದೆಂದೆ. ಯಾಕೆ ಕೈ ಎತ್ತಿದ್ದಿರಿ ಎಂದು ಕೇಳಿದೆ.

"ಬಿಸ್ಲು ಜಾಸ್ತಿ ಇತ್ತು. ಊರ್ ತಂಕ ಹತ್ತಿಸ್ಕೊಂಡು ಹೋಗ್ತೀರೇನೋ ಅಂತ. ನೀನು ನನ್ ಮಕಾನೇ ನೋಡ್ದಿ ಕಣಮ್ಮ. ನೋಡಿ ನಗ್ತಿದ್ದಿ. ನಿಲ್ಲಿಸ್ತಾರೆ ಅನ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಿಡಿಗೇಶಿಯಲ್ಲಿ ಬಸ್ಸಿಗೆ ಕಾದು ಬೆಳೆದವಳು. ಬಸ್ ಬಾರದಿದ್ದರೆ ಲಾರಿಗೆ, ಟ್ರ್ಯಾಕ್ಟರಿಗೆ ಕೈ ಎತ್ತಿದವಳು. ದೂರದಿಂದ ಒಂದು ಗಾಡಿ ಬರುವಾಗ ಹೊಟ್ಟೆಯಲ್ಲಿ ಹುಟ್ಟುವ ಆಸೆ ನನಗೆ ಗೊತ್ತು.

ಅವರನ್ನು ಪಾವಗಡದ ಆಸ್ಪತ್ರೆಗೆ ಕರೆದೊಯ್ದೆವು. ನಾನು ಕೂತಿದ್ದ ಅದೇ ಸೀಟಿನಲ್ಲಿ ಅವರು, ನಾನು ಹಿಂದೆ. ಮಂಜುನಾಥ ಮೂವತ್ತರ ಮೇಲೆ ಹೋಗಲಿಲ್ಲ. ಎರಡು ಬೆರಳು ಮುರಿದಿದ್ದವು. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಓಬಳಪ್ಪನವರೇ ಗೇಟಿಗೆ ಸಿಕ್ಕಿತು ಎಂದುಬಿಟ್ಟರು. ಯಾಕೆ ಹಾಗೆ ಹೇಳಿದರೋ ತಿಳಿಯದು. ಸುಳ್ಳು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಮಾಡಿದವಳು ಎಕ್ಸ್‌ರೇ ರೂಮಿನ ಬಾಗಿಲು ನೋಡುತ್ತ ನಿಂತಿದ್ದೆ. ಇವತ್ತು ಇಲ್ಲಿ ಹೇಳುತ್ತಿದ್ದೇನೆ, ತಡವಾಗಿ.

ಅವರು ಹೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ನಾನು ನೋಡಿದೆನಂತೆ. ಹಾಗಿದ್ದರೆ ನನ್ನ ಕಣ್ಣು ನೋಡಿದ್ದು ನನಗೇಕೆ ತಲುಪಲಿಲ್ಲ? ಮಧುಗಿರಿಯಿಂದ ಪುರವರಕ್ಕೆ ಹೋಗುವಾಗ ಈಗ ನಾನು ನಲವತ್ತು ದಾಟುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಾರೆ. ಆದರೂ ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಒಂದು ಸಲ ಎಡಗಡೆಯ ಕನ್ನಡಿ ಮುಟ್ಟಿ ನೋಡುತ್ತೇನೆ.

ಓಬಳಪ್ಪನವರ ಕೈಯ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಎರಡು ವಾರ ಮಂಜುನಾಥ ರೇಸಿನ ಹೆಸರೆತ್ತಲಿಲ್ಲ. ಮೊನ್ನೆ ಗುರುವಾರ ಫೋನ್ ಮಾಡಿದ. ಕೊರಟಗೆರೆ ಮೇಷ್ಟ್ರು ಇನ್ನೊಂದು ಸಲ ಆಗಲಿ ಎನ್ನುತ್ತಿದ್ದಾರಂತೆ, ಬೇರೆ ರಸ್ತೆಯಂತೆ, ಪೂರ್ತಿ ಖಾಲಿಯಂತೆ. ಬೇಡವೋ ಮಾರಾಯ ಎಂದೆ. ಇದೇ ಕೊನೇ ಸಲ ಎಂದ. ಆಮೇಲೆ, "ನೀವೂ ಬತ್ತೀರಾ ಮೇಡಮ್?" ಎಂದ.

ಬರಲ್ಲ ಎಂದೆ. ಆ ಮೂರಕ್ಷರ ಹೇಳಲು ನನಗೆ ಯಾಕೆ ಅಷ್ಟು ಹೊತ್ತು ಹಿಡಿಯಿತು?