ಒಲೆ ಮೇಲಿನ ಅಟ್ಟದಲ್ಲಿದ್ದ ರೋಲು

ಸಿದ್ದಾಪುರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಇದೆ ಎನ್ನುವುದಕ್ಕಿಂತ ಇನ್ನೂ ಮುಚ್ಚಿಲ್ಲ ಎನ್ನಬೇಕು. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ, ಲ್ಯಾಮಿನೇಶನ್, ಜೆರಾಕ್ಸ್. ಹಿಂದಿನ ಕತ್ತಲ ಕೋಣೆಯಲ್ಲಿ ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಕೆಲಸ. ಅದನ್ನು ನಿಲ್ಲಿಸಿಬಿಡಬೇಕು ಎಂದು ಪ್ರತಿ ಮಳೆಗಾಲದಲ್ಲೂ ಅಂದುಕೊಳ್ಳುತ್ತೇನೆ. ಬಗ್ಗಿದರೆ ಸೊಂಟ ಹಿಡಿಯುತ್ತದೆ, ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿವೆ, ಫಿಲ್ಮಿನಲ್ಲಿ ಚಿತ್ರ ಮೂಡಿಸಲು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರುವ ಡೆವಲಪರ್ ಡಬ್ಬಿ ಎಷ್ಟೋ ಸಲ ಒಡೆದೇ ಬರುತ್ತದೆ.

ಈಚೆಗೆ ಹೋಂಸ್ಟೇಗೆ ಬರುವ ಹುಡುಗರಿಗೆ ಹೊಸ ಹುಚ್ಚು ಹಿಡಿದಿದೆ. ಕಾಫಿಪುಡಿ, ವಾಷಿಂಗ್ ಸೋಡ, ವಿಟಮಿನ್ ಸಿ ಕಲಸಿ ಅದರಲ್ಲಿ ಫಿಲ್ಮ್ ತೊಳೆಯಬಹುದು ಎಂದು ಮೊಬೈಲಿನಲ್ಲಿ ನೋಡಿಕೊಂಡು ಬರುತ್ತಾರೆ. ತೊಳೆಯಬಹುದು, ಸುಳ್ಳಲ್ಲ. ಆದರೆ ನಿಮ್ಮದು ಯಾವ ಫಿಲ್ಮ್ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಗಂಡು ಯಾರೆಂದು ತಿಳಿಯದೆ ಹೆಣ್ಣು ಗೊತ್ತು ಮಾಡಿದ ಹಾಗೆ. ಹೆಚ್ಚು ಬೆಳಕು ಬೇಡುವ ನಿಧಾನದ ಫಿಲ್ಮಿಗೆ ಒಂದು ಡೆವಲಪರ್ ಹೊಂದುತ್ತದೆ, ಮಂದ ಬೆಳಕೂ ಸಾಕಾಗುವ ವೇಗದ್ದಕ್ಕೆ ಇನ್ನೊಂದು, ಹಳತಾಗಿ ಕೆಟ್ಟದ್ದಕ್ಕೆ ಬೇರೆಯೇ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಹೋದ ಮಳೆಗಾಲ ಮುಗಿಯುತ್ತಾ ಬಂದಾಗ ತಿತಿಮತಿಯಿಂದ ನನ್ನ ಅಕ್ಕ ಬಂದಳು. ಬಸ್ಸು ಬದಲಾಯಿಸಿಕೊಂಡು, ಬಟ್ಟೆಚೀಲವೊಂದನ್ನು ಎದೆಗವಚಿಕೊಂಡು ಬಂದಿದ್ದಳು. ಚೀಲದಲ್ಲಿ ತೀರಿಹೋದ ಭಾವನ ಕ್ಯಾಮೆರಾ ಇತ್ತು. ಭಾವ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆದು ಮುಗಿದರೆ ಸಾಕು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಾಡಂಚಿಗೆ ನಡೆದುಬಿಡುವರು. ಮರ, ಹೊಳೆ, ಆನೆ ಮುರಿದ ಬೇಲಿ, ಮತ್ತೆ ಮರ. ಅವರ ರೋಲುಗಳನ್ನೆಲ್ಲ ತೊಳೆದವನು ನಾನೇ. ಅವುಗಳಲ್ಲಿ ಅಕ್ಕನ ಫೋಟೊ ಒಂದೂ ಇರಲಿಲ್ಲ. ಅವಳು ಕೇಳುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು.

“ಆಸ್ಪತ್ರೇಲಿ ಇರುವಾಗ ಹೇಳಿದ್ರು, ‘ನಿಂದೂ ಒಂದು ತೆಗ್ದಿದ್ದೀನಿ, ಅದ್ರೊಳಗೇ ಉಂಟು’ ಅಂತ,” ಅಕ್ಕ ಕ್ಯಾಮೆರಾ ಸವರುತ್ತಾ ಹೇಳಿದಳು. “ತಮಾಷೆಗೆ ಹೇಳಿದ್ರೋ ನಿಜವೋ ಗೊತ್ತಿಲ್ಲ. ನೋಡು ಮಾರಾಯ.”

“ಭಾವ ಹೋಗಿ ಎರಡು ಮಳೆಗಾಲ ಆಯ್ತಲ್ಲಕ್ಕ. ಈಗ ತರ್ತಿದ್ದೀಯಲ್ಲ?”

“ತಮಾಷೆ ಅಂತ ಆಗಿಬಿಟ್ರೆ? ಅದಕ್ಕೇ ಹೆದ್ರಿಕೆ ಆಯ್ತು. ಆದ್ರೆ ಜೋಪಾನ ಮಾಡಿದ್ದೀನಿ. ಒಲೆ ಮೇಲಿನ ಅಟ್ಟದಲ್ಲೇ ಇಟ್ಟಿದ್ದೆ. ಒಂದು ಚೂರು ಬೂಷ್ಟು ಹಿಡ್ದಿಲ್ಲ ನೋಡು.”

ಅಟ್ಟ ಎಂದದ್ದು ಕೇಳಿ ಸಿಟ್ಟು ಬಂತು. ಆದರೆ ಯಾರ ಮೇಲೆ ಸಿಟ್ಟಾಗುವುದು? ನಮ್ಮಲ್ಲಿ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ದೇವರ ಪಟ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಬಿತ್ತನೆ ಬೀಜ, ಹಪ್ಪಳ, ಒಣಮೀನು, ಉಳಿಯಬೇಕಾದದ್ದೆಲ್ಲ ಒಲೆ ಮೇಲಿನ ಅಟ್ಟ ಸೇರುತ್ತದೆ. ಅಕ್ಕ ತನ್ನಲ್ಲಿದ್ದ ಅತಿ ಬೆಲೆಯ ವಸ್ತುವನ್ನು ಮನೆಯ ಅತಿ ಭದ್ರವಾದ ಜಾಗದಲ್ಲಿ ಇಟ್ಟಿದ್ದಳು. ಫಿಲ್ಮಿಗೆ ಮಾತ್ರ ಬೂಷ್ಟಿಗಿಂತ ಬಿಸಿ ಕೆಟ್ಟದ್ದು. ಬೆಳಕು ತಾಗದಿದ್ದರೂ ಬಿಸಿಗೆ ಇಡೀ ಸುರುಳಿ ಮಬ್ಬಾಗಿ, ಚಿತ್ರ ಆ ಮಬ್ಬಿನೊಳಗೆ ಮುಳುಗುತ್ತದೆ. ಕಾಡಿನ ನೆರಳಿಗೆಂದು ಭಾವ ಹಾಕುತ್ತಿದ್ದದ್ದು ವೇಗದ ಫಿಲ್ಮ್, ಅದು ಇನ್ನೂ ಬೇಗ ಕೆಡುತ್ತದೆ. ಅಕ್ಕನಿಗೆ ಇದನ್ನೆಲ್ಲ ಹೇಳದೆ ಕ್ಯಾಮೆರಾ ತೆಗೆದುಕೊಂಡೆ.

“ಕಾಫೀಲೂ ತೊಳೀತಾರೆ ಅಂತಿದ್ಯಲ್ಲ, ನಮ್ಮನೆ ಪುಡಿ ತಂದಿದ್ದೀನಿ,” ಎಂದಳು.

“ಅದ್ರಲ್ಲಿ ನಂಗೊಂದು ಲೋಟ ಕಾಫಿ ಮಾಡು,” ಎಂದೆ. ಕಾಫಿಯಲ್ಲಿ ತೊಳೆದಿದ್ದರೆ ಇದ್ದ ಮಬ್ಬಿಗೆ ಇನ್ನಷ್ಟು ಸೇರುತ್ತಿತ್ತು.

ಭಾವನ ರೋಲುಗಳಿಗೆ ನಾನು ಯಾವಾಗಲೂ ಪುಡಿ ಕರಗಿಸಿ ಮಾಡುವ ಡೆವಲಪರ್ ಬಳಸುತ್ತಿದ್ದೆ. ಅದರಲ್ಲಿ ಒಂದೊಂದು ಎಲೆಯೂ ನಯವಾಗಿ ಬರುತ್ತದೆ. ಈ ರೋಲು ಅದನ್ನು ತಾಳುತ್ತದೆಯೋ ಇಲ್ಲವೋ ನೋಡಬೇಕಿತ್ತು. ರೋಲನ್ನು ಬೆಳಕು ನುಸುಳದ ಕಪ್ಪು ಚೀಲದೊಳಗಿಟ್ಟು, ಚೀಲದ ತೋಳುಗಳಲ್ಲಿ ಕೈ ತೂರಿಸಿ, ಫಿಲ್ಮಿನ ತುದಿಯಿಂದ ಪರೀಕ್ಷೆಗೆ ಒಂದು ಚೂರು ಕತ್ತರಿಸಲು ಹೋದೆ. ಆ ಚೂರಿನಲ್ಲೇ ಅಕ್ಕ ಇದ್ದರೆ? ಬೇರೆ ದಾರಿ ಇರಲಿಲ್ಲ, ಕತ್ತರಿಸಿದೆ. ಆ ಪುಡಿಯ ಡೆವಲಪರ್‌ನಲ್ಲಿ ತೊಳೆದು ನೋಡಿದರೆ ಚೂರು ಮಬ್ಬು ಹಿಡಿದು ಪೂರ್ತಿ ಕಪ್ಪಗಿತ್ತು. ಕಣ್ಣು ಕಿರಿದು ಮಾಡಿ ಹುಡುಕಿದರೆ ಒಂದು ಕೊಂಬೆ ಕಂಡಿತು. ಸದ್ಯ, ಅದು ಮರ.

ಉಳಿದದ್ದು ಜೋನಿಬೆಲ್ಲದಂತೆ ಮಂದವಾಗಿರುವ ಇನ್ನೊಂದು ಡೆವಲಪರ್. ಅದರಲ್ಲಿ ಚಿತ್ರ ಒರಟಾಗುತ್ತದೆ, ಆದರೆ ಮಬ್ಬು ಅಷ್ಟಾಗಿ ಏಳುವುದಿಲ್ಲ. ಅದನ್ನು ಗಟ್ಟಿಯಾಗಿ ಕಲಸಿ, ಮಬ್ಬು ತಡೆಯಲು ಚಿಟಿಕೆ ಬ್ರೋಮೈಡ್ ಹಾಕಿ, ತಣ್ಣಗಿರುವಾಗಲೇ ಸ್ವಲ್ಪ ಹೊತ್ತು ಮಾತ್ರ ಫಿಲ್ಮನ್ನು ಅದರಲ್ಲಿ ಇಡಬೇಕು. ಹೆಚ್ಚಾದರೆ ಮತ್ತೆ ಕಪ್ಪು, ಕಡಿಮೆಯಾದರೆ ಏನೂ ಇಲ್ಲ. ಟ್ಯಾಂಕು ಅಲ್ಲಾಡಿಸುತ್ತಾ ಭಾವನನ್ನು ಮನಸಾರೆ ಬೈದೆ. ಕಟ್ಟಿಕೊಂಡ ಹೆಂಡತಿಯನ್ನು ಒಂದು ದಿನ ಅಂಗಳದಲ್ಲಿ ನಿಲ್ಲಿಸಿ ಫೋಟೊ ತೆಗೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನೀವು ಉಂಟು ಎಂದು ಹೇಳಿ ಹೋದಿರಿ, ಇಲ್ಲ ಎಂದು ಅಕ್ಕನಿಗೆ ಹೇಳುವ ಪಾಡು ನನಗೆ ಬಂತು. ನನಗೂ ವಯಸ್ಸಾಗಿದೆ, ದಣಿದಿದ್ದೇನೆ.

ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್‌ನಿಂದ ತೆಗೆದು, ನೀರಿನಲ್ಲಿ ಜಾಲಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಇಡೀ ಸುರುಳಿ ಬೂದಿಬಣ್ಣಕ್ಕೆ ತಿರುಗಿತ್ತು, ಆದರೆ ಚಿತ್ರಗಳು ಉಳಿದಿದ್ದವು. ಮರ. ಮರ. ಬೇಲಿ. ಮರ. ಅಕ್ಕ ಫಿಲ್ಮನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುರುಳಿಯ ಕೊನೆಗೆ ಬಂದಾಗ ಒಂದು ಚೌಕದಲ್ಲಿ ಮರ ಇರಲಿಲ್ಲ, ಅಡುಗೆಮನೆ ಇತ್ತು.

ಒಣಗಿದ ಮೇಲೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅಕ್ಕನ ಕೈಗೆ ಕೊಟ್ಟೆ. ಕಾಳು ಕಾಳಾದ ಚಿತ್ರ. ಅಕ್ಕ ಮಣೆಯ ಮೇಲೆ ಹಿಮ್ಮಡಿ ಎತ್ತಿ ನಿಂತು, ಒಲೆ ಮೇಲಿನ ಅಟ್ಟಕ್ಕೆ ಡಬ್ಬಿಯೊಂದನ್ನು ಏರಿಸುತ್ತಿದ್ದಾಳೆ. ಕಾಣುವುದು ಬೆನ್ನು, ಸಡಿಲಾದ ತುರುಬು, ಮೇಲೆತ್ತಿದ ಎರಡು ಕೈ.

“ಮುಖ ಬಂದಿಲ್ಲಕ್ಕ,” ಎಂದೆ, ತೆಗೆದವನು ನಾನೇ ಎಂಬಂತೆ.

ಅಕ್ಕ ಫೋಟೊವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. “ಇಷ್ಟು ವರ್ಷ ಈ ಮುಖ ಹೊತ್ಕೊಂಡು ಅವ್ರೆದುರೇ ಓಡಾಡಿದ್ದೀನಿ. ತೆಗ್ದಿದ್ದು ನೋಡಿದ್ರೆ ಬೆನ್ನು!” ಎಂದು ನಕ್ಕಳು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು.

“ಭಾವ ಒಂದ್ಸಲ ಎದುರಿಗೆ ನಿಲ್ಸಿ ತೆಗೀಬಹುದಿತ್ತು,” ಎಂದೆ.

“ನನ್ನ ಮುಖ ನಂಗೆ ಗೊತ್ತಿಲ್ವಾ? ನಾನು ಕೆಲ್ಸ ಮಾಡ್ತಿರುವಾಗ ಅವ್ರು ಬಾಗಿಲಲ್ಲಿ ನಿಂತು ನೋಡ್ತಿದ್ರು ಅಂತ ಗೊತ್ತಿರ್ಲಿಲ್ಲ.”

ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೊವನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿದಳು. “ಇದಕ್ಕೆ ಬೂಷ್ಟು ಹಿಡೀಬಾರ್ದು. ಅಟ್ಟದಲ್ಲೇ ಇಡ್ತೀನಿ, ಆಗ್ತದಲ್ಲ?”

ಚಿತ್ರ ಕಾಗದಕ್ಕೆ ಬಂದಾಗಿತ್ತು, ಇನ್ನು ಒಲೆಯ ಬಿಸಿಗೆ ಮಬ್ಬಾಗುವ ಭಯವಿರಲಿಲ್ಲ. ಆಗ್ತದೆ ಎಂದೆ.