ಕೊಸರು ಹಾಕದ ಯಂತ್ರ

ಎಂಬತ್ತರ ದಶಕದ ಕೊನೆಗೆ ರಾಜಾಜಿನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ, ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಕಂಪ್ಯೂಟರ್ ಕ್ಲಾಸು ಎಂದು ಹೆಸರೇ ಹೊರತು ಇದ್ದದ್ದು ಒಂದೇ ಕಂಪ್ಯೂಟರು. ದೇವರ ಮನೆಗೆ ಹೋಗುವ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಧೂಳು ಬಿದ್ದರೆ ಕೆಟ್ಟೀತು ಎಂಬ ಭಯ. ಕೆಳಗೆ ಗಿರಣಿ ಇಟ್ಟುಕೊಂಡು ಮೇಲೆ ಧೂಳಿಗೆ ಹೆದರುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ನನ್ನ ಜೊತೆ ಕಲಿಯುತ್ತಿದ್ದ ಗೆಳತಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳು ಕೆಂಗೇರಿಯ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ಟೈಪಿಸ್ಟ್. ಶನಿವಾರ ಅರ್ಧ ದಿನ ರಜೆ, ಅವತ್ತು ಮಧ್ಯಾಹ್ನ ಬಿಟ್ಟರೆ ಯಂತ್ರದ ಮುಂದೆ ಕೂರಲು ಅವಳಿಗೆ ಬೇರೆ ಹೊತ್ತಿಲ್ಲ. ಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆದು, ಓಡಿಸಿ ತೋರಿಸಬೇಕಿತ್ತು. ಅವಳು ಅಲ್ಲಿಯವರೆಗೆ ಬರೆದದ್ದೆಲ್ಲ ಕಾಗದದ ಮೇಲೆ. ಫೇಲಾದರೆ ಕಲಿತದ್ದು ಸಾಕು ಎಂದು ಅವಳ ಅಣ್ಣ ಮೊದಲೇ ಹೇಳಿಬಿಟ್ಟಿದ್ದರು.

ಅದೇ ಶನಿವಾರದ ಮಧ್ಯಾಹ್ನವನ್ನು ಇಬ್ಬರು ಎಂಜಿನಿಯರಿಂಗ್ ಹುಡುಗರೂ ಕೇಳಿದರು. ನಮ್ಮ ಸಾರ್ ಒಳ್ಳೆಯವರು. ಒಳ್ಳೆಯವರಾದ್ದರಿಂದ ಯಾರಿಗೂ ಇಲ್ಲವೆನ್ನಲಾರರು. ಅವರ ಹತ್ತಿರ ಫ್ಲಾಪಿಯಲ್ಲಿ ಒಂದು ಯುದ್ಧದ ಆಟವಿತ್ತು, ಅದರ ಮೇಲೆ ಅವರಿಗೆ ಪ್ರಾಣ. "ಆಡ್ಬಿಡಿ. ಗೆದ್ದೋರಿಗೆ ಪರೀಕ್ಷೆವರೆಗೂ ಶನಿವಾರ" ಅಂದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬಳ ಬದುಕಿನ ಪ್ರಶ್ನೆ ಇವರಿಗೆ ಆಟ! ಆದರೆ ಗೆಳತಿ "ಆಡೋಣ ಕಣೇ, ಬೇರೆ ದಾರಿ ಇಲ್ಲ" ಅಂದಳು.

ಆ ಶನಿವಾರ ಮಧ್ಯಾಹ್ನವೇ ಆಡಲು ಕೂತೆವು. ಆಟ ಸರದಿಯ ಮೇಲೆ ನಡೆಯುತ್ತಿತ್ತು. ಒಂದು ಕಡೆಯವರು ಆಡುವಾಗ ಇನ್ನೊಂದು ಕಡೆಯವರು ಹೊರಗೆ ವರಾಂಡದಲ್ಲಿ ನಿಲ್ಲಬೇಕು. ಎರಡೂ ಕಡೆಗೆ ನಾಲ್ಕು ನಾಲ್ಕು ಊರು. ಸೈನ್ಯ ಬೆಳೆಸಿ ಎದುರಿನವರ ಊರುಗಳನ್ನೆಲ್ಲ ಹಿಡಿದರೆ ಗೆಲುವು. ಇಲ್ಲವೇ ಸಂಶೋಧನೆ ಮಾಡಿ ಮೊದಲು ಕಬ್ಬಿಣದ ಹಡಗು ಕಂಡುಹಿಡಿದರೂ ಗೆಲುವು. ಹುಡುಗರು ಸೈನ್ಯ ಹಿಡಿದರು, ನಾವು ಸಂಶೋಧನೆ ಹಿಡಿದೆವು. ಹಡಗಿಗೆ ಇನ್ನೂರು ಅಂಕ ಬೇಕು. ಪ್ರತಿ ಊರಿನ ದುಡಿಮೆಯಲ್ಲಿ ಅರ್ಧ ಊಟಕ್ಕೆ, ಅರ್ಧ ಸಂಶೋಧನೆಗೆ. ನಮ್ಮ ಊರುಗಳ ದುಡಿಮೆ ಹದಿನೇಳು, ಹದಿನೈದು, ಹದಿಮೂರು, ಮತ್ತೆ ಹದಿನೈದು. ಇಬ್ಬರ ಸರದಿಯೂ ಮುಗಿದ ಮೇಲೆ ಯಂತ್ರ ಅಂಕಗಳನ್ನು ಒಳಗೊಳಗೇ ಕೂಡಿಕೊಳ್ಳುತ್ತಿತ್ತು. ಎಷ್ಟಾಯಿತೆಂದು ಬಾಯಿ ಬಿಡುತ್ತಿರಲಿಲ್ಲ.

"ಹದಿನೇಳರಲ್ಲಿ ಅರ್ಧ ಎಂಟೂವರೆ. ಒಂಬತ್ತು ಅಂತ ಹಾಕೋ" ಅಂದಳು ಗೆಳತಿ.

"ಅರ್ಧಕ್ಕೆ ಒಂದು ಕೊಡುತ್ತಾ?"

"ಕೊಡದೆ ಏನು? ಅವರೆಕಾಯಿ ತಗೊಂಡ್ರೂ ತೂಕದ ಮೇಲೆ ಒಂದು ಹಿಡಿ ಕೊಸರು ಹಾಕಲ್ವಾ?"

ನನಗೂ ಅದು ನ್ಯಾಯವಾಗಿಯೇ ಕಂಡಿತು. ಕೊಸರು ಹಾಕದ ಗಾಡಿಯವನ ಹತ್ತಿರ ನಮ್ಮಮ್ಮ ಎರಡನೆಯ ಸಲ ಹೋದವರಲ್ಲ. ಒಂಬತ್ತು, ಎಂಟು, ಏಳು, ಎಂಟು, ಒಟ್ಟು ಮೂವತ್ತೆರಡು. ಏಳು ಸುತ್ತಿಗೆ ಇನ್ನೂರು ದಾಟಿ ಮಿಗುತ್ತದೆ. ಹುಡುಗರ ಸೈನ್ಯ ನಮ್ಮ ಊರುಗಳನ್ನು ಮುಟ್ಟಲು ಎಂಟನೆಯ ಸುತ್ತು ಬೇಕು. ಹಾಗಾಗಿ ಕಾವಲಿನ ಗೊಡವೆಗೇ ಹೋಗದೆ, ಇದ್ದ ನಾಲ್ಕು ತುಕಡಿಗಳನ್ನು ಊರಿಗೊಂದರಂತೆ ಬಿಟ್ಟು, ಸಂಶೋಧನೆಯನ್ನೇ ನಂಬಿ ಕೂತೆವು.

ಏಳನೆಯ ಸುತ್ತು ಮುಗಿಯಿತು. ಎಲ್ಲರೂ ತೆರೆಯ ಮುಂದೆ ಸೇರಿದೆವು. ಹುಡುಗರು ಕೊನೆಯ ಕೀ ಒತ್ತಿದರು. ಹಡಗಿಲ್ಲ, ಗಿಡಗಿಲ್ಲ. ಹಸಿರು ಅಕ್ಷರಗಳು ಸುಮ್ಮನೆ ಎಂಟನೆಯ ಸುತ್ತು ಎಂದವು. ಹುಡುಗರ ಸೈನ್ಯ ನಮ್ಮ ಗಡಿಯಲ್ಲಿ ನಿಂತಿತ್ತು.

"ಐದು ನಿಮಿಷ ಕಣಮ್ಮ" ಎಂದು ಸಾರ್ ಹುಡುಗರನ್ನು ಕರೆದುಕೊಂಡು ಹೊರಗೆ ಹೋದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅವರೆಕಾಯಿ ಅಂತೆ, ಕೊಸರು ಅಂತೆ! ಆಯ್ತಲ್ಲ, ತೃಪ್ತಿನಾ?" ಅಂದೆ. ಅವಳ ಮುಖ ಬಿಳುಚಿಕೊಂಡಿತ್ತು. ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಾಳೆ ಎಂದು ತಡವಾಗಿ ಹೊಳೆಯಿತು.

"ಇದು ಕೊಸರು ಹಾಕೋದಿರ್ಲಿ, ನಮ್ಮ ಅರ್ಧಾನೂ ಕಿತ್ಕೊಂಡಿದೆ ಕಣೇ. ಒಂದೊಂದು ಊರಲ್ಲೂ. ಎಂಟು, ಏಳು, ಆರು, ಏಳು. ಇಪ್ಪತ್ತೆಂಟೇ. ಏಳು ಸುತ್ತಿಗೆ ನೂರ ತೊಂಬತ್ತಾರು."

ನಾಲ್ಕು ಕಡಿಮೆ. ನಾಲ್ಕೇ ನಾಲ್ಕು. ನನಗೆ ಅಳು ಬಂತು. ಕಣ್ಣೊರೆಸಿಕೊಂಡು, ನಾಲ್ಕು ತುಕಡಿಯನ್ನೂ ಹದಿನೇಳರ ದೊಡ್ಡ ಊರಿಗೆ ಕಳಿಸಲು ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ದೊಡ್ಡದು ಬೇಡ. ಅದು ಬಯಲಲ್ಲಿದೆ, ನಿಲ್ಲಲ್ಲ. ಗುಡ್ಡದ ಮೇಲಿರೋ ಹದಿಮೂರರದ್ದು ಉಳಿಸ್ಕೋ."

"ಅದು ಬರೀ ಆರು ಕೊಡುತ್ತೆ."

"ಬೇಕಾಗಿರೋದು ನಾಲ್ಕು ತಾನೇ?"

ಮೂರು ಊರುಗಳನ್ನು ಬರಿದು ಮಾಡಿ, ಇದ್ದಬದ್ದ ಕಾವಲನ್ನೆಲ್ಲ ಗುಡ್ಡದ ಪುಟ್ಟ ಊರಿಗೆ ತುಂಬಿ ಹೊರಗೆ ಬಂದೆವು.

ವರಾಂಡದಲ್ಲಿ ನಿಂತರೆ ಕಾಲಡಿಯ ನೆಲ ಗಿರಣಿಗೆ ಅದುರುತ್ತಿತ್ತು. ಒಳಗಿನಿಂದ "ಬಿತ್ತು ಮಗಾ!" ಎಂಬ ಕೂಗು ಕೇಳಿತು. ಇನ್ನೊಂದು ಕೂಗು. ಮತ್ತೊಂದು. ಗೆಳತಿ ಕಂಬಿ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನೋಡುತ್ತಿದ್ದಳು. ನಾಲ್ಕನೆಯ ಕೂಗು ಈಗ ಬಂತು, ಈಗ ಬಂತು ಎಂದು ಕಾದೆ. ಬರಲಿಲ್ಲ. ಬಾಗಿಲು ತೆರೆದು ಸಾರ್ ಕರೆದರು.

ಗುಡ್ಡದ ಊರಿನಲ್ಲಿ ಒಂದೇ ಒಂದು ತುಕಡಿ ಉಳಿದಿತ್ತು. "ಮುಂದಿನ ಸಲ ಇದೂ ಬೀಳುತ್ತೆ ಬಿಡಿ" ಎಂದು ಒಬ್ಬ ಹುಡುಗ ಧೈರ್ಯವಾಗಿ ಕೀ ಒತ್ತಿದ. ಯಂತ್ರ ಎರಡು ಸಲ ಪೀಂ ಎಂದಿತು. ಕಬ್ಬಿಣದ ಹಡಗು ಸಿದ್ಧ, ನೋಡಲು ಇನ್ನೊಂದು ಕೀ ಒತ್ತಿ ಎಂದು ಇಂಗ್ಲಿಷಿನಲ್ಲಿ ಬಂತು.

ನಾನು ಕುಣಿದೇಬಿಟ್ಟೆ. ಹುಡುಗರು ಸೋತ ಬೇಸರವನ್ನೂ ಮರೆತು ತೆರೆಗೆ ಮುಖ ತಂದರು. "ಗುರು, ಒತ್ತೋ, ಹೇಗಿದೆ ನೋಡೋಣ." ಅಷ್ಟು ವರ್ಷ ಆಡಿದ್ದ ಸಾರ್ ಕೂಡ ಆ ಹಡಗನ್ನು ಕಂಡಿರಲಿಲ್ಲವಂತೆ. ಕನ್ನಡಕ ಏರಿಸಿಕೊಂಡು ಬಗ್ಗಿದರು. ನಾನೂ ಅವರ ಹೆಗಲ ಮೇಲಿನಿಂದ ಇಣುಕಿದೆ.

"ಸ್ವಲ್ಪ ಎದ್ದೇಳ್ತೀರಾ?" ಅಂದಳು ಗೆಳತಿ, ಕುರ್ಚಿಯಲ್ಲಿದ್ದ ಹುಡುಗನಿಗೆ. ಅವನು ಎದ್ದ. ಅವಳೇ ಕೀ ಒತ್ತುತ್ತಾಳೆಂದು ನಾವೆಲ್ಲ ಜಾಗ ಬಿಟ್ಟೆವು. ಅವಳು ಕೂತವಳೇ ಪಕ್ಕಕ್ಕೆ ಕೈ ಚಾಚಿ ಸ್ವಿಚ್ ಆರಿಸಿದಳು. ತೆರೆ ಕಪ್ಪಾಯಿತು.

"ಅಯ್ಯೋ, ಏನೇ ಮಾಡ್ದೆ!" ಎಂದು ಕಿರುಚಿದೆ. ಹುಡುಗರ ಬಾಯಿ ತೆರೆದೇ ಇತ್ತು.

ಅವಳು ಆಟದ ಫ್ಲಾಪಿ ತೆಗೆದು ಸಾರ್ ಕೈಗೆ ಕೊಟ್ಟು, ಬ್ಯಾಗಿನಿಂದ ತನ್ನದನ್ನು ತೆಗೆದು ಹಾಕಿ, ಪ್ರೋಗ್ರಾಂ ಬರೆದಿದ್ದ ಕಾಗದ ಬಿಡಿಸಿಟ್ಟಳು.

"ಆಗ್ಲೇ ಮೂರೂಮುಕ್ಕಾಲು ಕಣೇ" ಅಂದಳು, ನನ್ನ ಕಡೆ ತಿರುಗದೆ. "ನಾಲ್ಕೂವರೆಗೆ ಬಸ್ಸು."