ಪಿಕಪ್ಪಿನವನು ಎಸೆದ ಎರಡು ಕಲ್ಲು

ನನಗಾಗ ಐವತ್ತೊಂದು. ಈಗ್ಗೆ ಹದಿನಾಲ್ಕು ವರ್ಷದ ಹಿಂದಿನ ಮಾತು.

ಮೊನ್ನೆ ಚನ್ನರಾಯಪಟ್ಟಣದಲ್ಲಿ ನನ್ನ ತಂಗಿ ಮಗ ಮನೆ ಮೇಲೊಂದು ಮನೆ ಎತ್ತಿಸ್ತಾ ಇದ್ದ. ಮೋಲ್ಡ್ ಹಾಕೋ ದಿನ ಬಾ ದೊಡ್ಡವ್ವ ಅಂತ ಕರೆದ, ಹೋದೆ. ತಾರಸಿಗೆ ಕಾಂಕ್ರೀಟ್ ಸುರಿಯೋದಕ್ಕೆ ನಮ್ಮ ಕಡೆ ಮೋಲ್ಡ್ ಅಂತಲೇ ಅನ್ನೋದು. ಈಗ ಹೆಂಗಸರು ಬಾಂಡ್ಲಿ ಹೊರೋದಿಲ್ಲ. ದೊಡ್ಡ ಲಾರಿ ಬರ್ತದೆ, ಕಲಸಿದ ಮಾಲು ಪೈಪಿನಲ್ಲಿ ಹತ್ತಿ ಮೇಲೆ ಬೀಳ್ತದೆ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕಾಫಿ ಕೊಟ್ಟರು. ಅಷ್ಟರಲ್ಲಿ ಲಾರಿಯವನು ಜೋರಾಗಿ ಎಕ್ಸಲೇಟರ್ ಒತ್ತಿದ, ಕರೀ ಹೊಗೆ ಬುಗ್ಗನೆ ಬಂತು. ಆ ಹೊಗೆ ವಾಸನೆ, ಒದ್ದೆ ಸಿಮೆಂಟಿನ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಕಾಫಿ ಲೋಟ ಕೆಳಗಿಟ್ಟೆ. ಪಿಕಪ್ಪಿನವನು ನೆನಪಾದ.

ಹೊಳೆನರಸೀಪುರದಲ್ಲಿ ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನು, ಅಕ್ಕ ಅಂತಿದ್ದ. ಸತ್ತೋನು ಅಂತ ಒಳ್ಳೇವನು ಅನ್ನೋಕ್ಕೆ ನನಗೆ ಬಾಯಿ ಬರೋದಿಲ್ಲ. ಸಿಡುಕ, ಜಂಬಗಾರ. ಹೆಂಡತಿಗೆ ಹೊಡೀತಿರಲಿಲ್ಲ, ಆದ್ರೆ ಮಾತೂ ಆಡ್ತಿರಲಿಲ್ಲ. ಅವನ ಮಾತೆಲ್ಲ ಗಾಡಿ ಜೊತೆ. ಅವಳ ತವರು ಅರಕಲಗೂಡು. ಒಂದು ಸಲನಾದ್ರೂ ಗಾಡೀಲಿ ಬಿಟ್ಟು ಬಾ ಅಂತ ಕೇಳಿದ್ರೆ, ಬಸ್ಸೈತಲ್ಲ ಓಗು, ಅನ್ನೋನು. ಗೋಡೆ ಈಚೆಗೆ ಎಲ್ಲಾ ಕೇಳೋದು.

ಅದೊಂದು ಹಳೇ ಡೀಸೆಲ್ ಪಿಕಪ್ಪು. ಇವನ ಕೈಗೆ ಬರೋ ಹೊತ್ತಿಗೆ ಎಷ್ಟು ಜನ ಓಡಿಸಿ ಬಿಸಾಕಿದ್ದರೋ. ಅದರ ಹಿಂದೆ ಕಾಂಕ್ರೀಟ್ ಕಲಸೋ ಮಿಷನ್ ಕಟ್ಟಿಕೊಂಡು, ಮೇಲೆ ನಮ್ಮ ಗ್ಯಾಂಗ್ ಹತ್ತಿಸಿಕೊಂಡು ಮೋಲ್ಡ್ ಇರೋ ಊರಿಗೆ ಎಳಕೊಂಡು ಹೋಗೋದು ಅವನ ಜೀವನ. ಮಿಷನ್ ಅವನದಲ್ಲ. ಅದರ ಯಜಮಾನ ಬೇರೆ, ಅವನೇ ಕೆಲಸ ಒಪ್ಪಿಕೊಳ್ಳೋನು. ಗ್ಯಾಂಗಿಗೆ ಹೆಂಗಸರನ್ನ ಹೊಂದಿಸೋಳು ನಾನು.

ಏರು ಬಂತು ಅಂದ್ರೆ ಗಾಡಿಗೆ ಪ್ರಾಣ ಹೋಗೋದು. ನಾವೆಲ್ಲ ಇಳಿದು ಸೆರಗು ಸಿಗಿಸಿಕೊಂಡು ತಳ್ಳಬೇಕು. ನಡುವೆ ನಿಂತು ಹಿಂದಕ್ಕೆ ಜಾರಿದ್ರೆ ಚಕ್ರಕ್ಕೆ ಕಲ್ಲು ಕೊಡಬೇಕು. ಅದಕ್ಕೇ ಅಂತ ಎರಡು ಕಲ್ಲು ಗಾಡೀಲೇ ಇರೋವು, ಒಂದು ಮಗ್ಗುಲು ಓರೆಯಾಗಿ ಒಡೆದಿದ್ದ ಕರೀ ಕಲ್ಲು. ಕಲ್ಲು ಹಿಡಕೊಂಡು ಹಿಂದಿನ ಚಕ್ರದ ಪಕ್ಕ ನಡೆಯೋಳು ನಾನೇ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಕಲ್ಲು ಕೊಡಕ್ಕ’ ಅಂತ ಕೂಗೋನು. ಕೂಗಿದ ಕ್ಷಣಕ್ಕೆ ಇಟ್ಟುಬಿಡಬೇಕು. ತಡ ಆದ್ರೆ ಹಿಂದಿರೋ ಮಿಷನ್ ಮೊದಲು ಬರ್ತದೆ, ಆಮೇಲೆ ಗಾಡಿ.

ಗ್ಯಾಂಗಿನಲ್ಲಿ ಕೊರವಂಗಲದ ಕಡೆಯೋಳು ಒಬ್ಬಳಿದ್ದಳು, ಬಾಯಿ ಅಂದ್ರೆ ಬಾಯಿ. ತಳ್ಳೋವಾಗೆಲ್ಲ ಒಂದೇ ಮಾತು ಕೇಳೋಳು, ‘ಅಣ್ಣೋ, ಗಾಡಿಗೆ ಮಿಷನ್ ಕಟ್ಟಿದ್ದೀಯೋ, ಮಿಷನ್ನಿಗೆ ಗಾಡಿ ಕಟ್ಟಿದ್ದೀಯೋ?’ ನಾವು ತಳ್ಳೋದು ಬಿಟ್ಟು ನಗೋವು. ಅವನ ಕಿವಿ ಕೆಂಪಗಾಗೋದು.

ಹಿಂಗಿರೋವಾಗ ಯಜಮಾನ ದೊಡ್ಡ ಮಿಷನ್ ತಂದ. ಮಾಲು ತಾನೇ ಮೇಲಕ್ಕೆ ಎತ್ತೋ ಲಿಫ್ಟ್ ಇರೋಂಥದ್ದು. ಹಳೇದರ ಎರಡರಷ್ಟು ತೂಕ. ಅದನ್ನ ಕಟ್ಟಿದ ಮೊದಲನೇ ದಿನ ಗಾಡಿ ಹಾಸನದ ಓವರ್ ಬ್ರಿಡ್ಜ್ ಮೇಲೇ ನಿಂತುಹೋಯ್ತು. ಹಿಂದೆ ಮುಂದೆ ಬಸ್ಸು ಕಾರು ಹಾರನ್ನು, ಬೈಗಳು. ಅಷ್ಟು ಜನ ನೋಡ್ತಿರೋವಾಗ ಹೆಂಗಸರು ಇಳಿದು ತಳ್ಳಿದ್ವಿ. ಅವತ್ತು ಟೀ ಅಂಗಡಿ ಮುಂದೆ, ನಮ್ಮೆಲ್ಲರ ಎದುರಿಗೇ ಯಜಮಾನ ಅಂದ, ಗೊರೂರಿನ ಆಚೆ ದಿಬ್ಬದ ಮೇಲೆ ಒಬ್ಬರು ಗೌಡರ ಮನೆ ಮೋಲ್ಡ್ ಬರ್ತದೆ, ಆ ದಿಬ್ಬಕ್ಕೆ ಮಿಷನ್ನೂ ಜನಾನೂ ಹೊತ್ತು ಒಬ್ಬರೂ ಇಳೀದಂಗೆ ಹತ್ತಿಸಿದ್ರೆ ನೀನೇ ಇರು, ಇಲ್ಲದಿದ್ರೆ ಅರಕಲಗೂಡಿನ ಟ್ರಾಕ್ಟರಿನವನು ಕಾಯ್ತಾ ಅವನೆ, ಅಂತ. ಇವನು ಟೀ ಲೋಟ ಹಂಗೇ ಇಟ್ಟು ಎದ್ದುಹೋದ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆ ಮುದಿ ಗಾಡೀನ ಬೇರೆ ಯಾರು ಕರೀತಾರೆ?

ಮಾರನೇ ದಿನ ಗಾಡೀನ ಹಾಸನದ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಟ್ಟ. ತಾನೂ ಅಲ್ಲೇ ಬಿದ್ದುಕೊಂಡ. ಮನೆಗೆ ಬರೋನು, ಬಟ್ಟೆ ಬದಲಾಯಿಸೋನು, ಹೋಗೋನು. ಡೀಸೆಲ್ ಪಂಪ್ ಬಿಚ್ಚಿಸಿ ಜಾಸ್ತಿ ಡೀಸೆಲ್ ಕುಡಿಯೋ ಹಂಗೆ ತಿರುಗಿಸಿದ್ದಾಯ್ತು. ಗುಜರಿಗೆ ಬಂದಿದ್ದ ಯಾವುದೋ ಲಾರಿಯ ಟರ್ಬೋ, ಎಂಜಿನ್ನಿಗೆ ಗಾಳಿ ಊದಿ ತಾಕತ್ತು ಕೂಡಿಸೋಂಥದ್ದು, ತಂದು ಕೂರಿಸಿದ್ದಾಯ್ತು. ದೊಡ್ಡ ಗಾಡಿಯ ಕ್ಲಚ್ಚು, ಹಿಂದಕ್ಕೆ ದೊಡ್ಡ ಗಾಡೀದೇ ಆಕ್ಸಲ್ಲು, ಸ್ಪ್ರಿಂಗಿಗೆ ಎರಡು ಪಟ್ಟಿ ಜಾಸ್ತಿ, ಮಿಷನ್ ಸಿಗಿಸೋಕ್ಕೆ ತೋಳು ದಪ್ಪದ ಕೊಂಡಿ. ಆ ಆಕ್ಸಲ್ಲಿಗೆ ಹಳೇ ಹ್ಯಾಂಡ್ ಬ್ರೇಕಿನ ಕೇಬಲ್ ಕೂಡಲಿಲ್ಲವಂತೆ. ತಂತಿ ಸುತ್ತಿ ಅಡಿಗೆ ಕಟ್ಟಿ ಬಿಟ್ಟಿದ್ದರು. ಬ್ರೇಕ್ ಕೆಲಸಾನೂ ಮುಗಿಸಿಕೊಂಡು ಹೋಗು ಅಂತ ಮೆಕ್ಯಾನಿಕ್ ಹೇಳಿದ್ನಂತೆ. ಇವನು ಏನು ಅಂದ ಅನ್ನೋದನ್ನ ನಮ್ಮ ಮುಂದೆ ದೊಡ್ಡ ತಮಾಷೆ ಅನ್ನೋ ಹಂಗೆ ಹೇಳಿಕೊಂಡ.

‘ಅತ್ತಾಕೆ ತಾಕತ್ ಬೇಕು ಸಾ, ಇಳಿಯಾದು ಅದ್ಕೇ ಗೊತ್ತು ಅಂದೆ ಕಣಕ್ಕ.’

ಗಾಡಿ ಬೀದಿಗೆ ಬಂದ ದಿನ ಜನ ಮನೆಯಿಂದ ಹೊರಗೆ ಬಂದು ನೋಡಿದರು. ಸಿಳ್ಳೆ ಹಾಕೋ ಹಂಗೆ ಒಂದು ಸದ್ದು, ಹಿಂದೆ ಕಂಬದಂಗೆ ಕರೀ ಹೊಗೆ. ನಾನು ಒಣಗಹಾಕಿದ್ದ ಹಪ್ಪಳವೆಲ್ಲ ಮಸಿ. ಬೈದೆ, ನಕ್ಕ. ಗಾಡಿ ನಿಲ್ಲಿಸಿದ ಮೇಲೂ ಎಂಜಿನ್ ಆಫ್ ಮಾಡ್ತಿರಲಿಲ್ಲ. ಟರ್ಬೋ ಬಿಸಿ ಇರ್ತದೆ, ತಣಿಯೋ ತನಕ ಉರೀತಾ ಇರಬೇಕು ಅಂತ ನ್ಯೂಟ್ರಲ್ಲಿಗೆ ಹಾಕಿ ಇಳಿದುಬಿಡೋನು. ಕ್ಲಚ್ಚು ಎಷ್ಟು ಗಟ್ಟಿ ಅಂದ್ರೆ ಯಜಮಾನ ಒಂದು ಸಲ ಹತ್ತಿ ಕೂತು, ತುಳಿಯೋಕ್ಕಾಗದೆ ಇಳಿದ. ಇನ್ನು ಮ್ಯಾಲೆ ನನ್ ಗಾಡೀನ ನಾನೇ ಓಡಿಸಬೇಕು ಅಂತ ಇವನಿಗೆ ಅದರಲ್ಲೂ ಒಂದು ಜಂಬ.

ಗೌಡರ ಮನೆ ಮೋಲ್ಡಿನ ದಿನ ಬಂತು.

ದಿಬ್ಬದ ಕೆಳಗೆ ಅಭ್ಯಾಸ ಬಲದಿಂದ ನಾವು ಇಳಿಯೋಕ್ಕೆ ಎದ್ದೆವು. ಕೂತ್ಕಳ್ರೇ ಅಂತ ಗದರಿದ. ಗಾಡಿ ಸಿಳ್ಳೆ ಹಾಕ್ತಾ, ಹೊಗೆ ಕಾರ್ತಾ, ಅಷ್ಟು ದೊಡ್ಡ ಮಿಷನ್ನನ್ನ ಹತ್ತಿಯ ಮೂಟೆ ಥರ ಎಳಕೊಂಡು ಹತ್ತಿತು. ಹಿಂದೆ ಬೈಕಿನಲ್ಲಿ ಬರ್ತಿದ್ದ ಯಜಮಾನ ಹೊಗೆಯಲ್ಲಿ ಕಾಣಲೇ ಇಲ್ಲ. ಕೊರವಂಗಲದವಳು ಗಾಡಿ ಅಂಚು ಗಟ್ಟಿಯಾಗಿ ಹಿಡಕೊಂಡು ಕೂತಳು. ಮೇಲೆ ಹತ್ತಿದ ಮೇಲೆ ಇವನು ಇಳಿದು ಬಂದ, ನನ್ನ ಕಾಲ ಹತ್ತಿರ ಇದ್ದ ಎರಡೂ ಕಲ್ಲು ಎತ್ತಿ ಎಲ್ಲರೂ ನೋಡೋ ಹಂಗೆ ಪಕ್ಕದ ಲಂಟಾನ ಪೊದೆಗೆ ಎಸೆದ.

‘ನಿನ್ ಕಲ್ಲಿನ ಕೆಲಸ ಓಯ್ತು ಕಣಕ್ಕ. ಇನ್ನು ರಾಣಿ ಕೂತಂಗೆ ಕೂತ್ಕೊ.’

ಆ ಮುಖ ನೋಡಬೇಕಿತ್ತು... ಅವನ ಮದುವೇಲೂ ಹಂಗೆ ನಕ್ಕಿದ್ದು ನಾನು ಕಾಣೆ.

ಮಿಷನ್ನಿಗೆ ಪೂಜೆ ಆಯ್ತು, ಕಾಯಿ ಒಡೆದರು, ಮಾಲು ಬೀಳೋಕ್ಕೆ ಶುರುವಾಯ್ತು. ಮುಂದಿನ ಅರ್ಧ ತಾರಸಿ ಮಧ್ಯಾಹ್ನದ ಹೊತ್ತಿಗೆ ಮುಗೀತು. ಹಿಂದಿನ ಅರ್ಧಕ್ಕೆ ಲಿಫ್ಟು ಎಟುಕೋದಿಲ್ಲ, ಮಿಷನ್ ಮನೆ ಹಿಂದಕ್ಕೆ ತಗೋಬೇಕು. ಮೋಲ್ಡ್ ನಡುವೆ ನಿಲ್ಲಿಸೋ ಹಂಗಿಲ್ಲ. ಹಾಕಿದ ಮಾಲು ಗಟ್ಟಿಯಾಗಿಬಿಟ್ರೆ ಆಮೇಲೆ ಹಾಕಿದ್ದು ಅದಕ್ಕೆ ಕೂಡೋದಿಲ್ಲ, ಮಳೆಗಾಲದಲ್ಲಿ ಅಲ್ಲೇ ಸೋರ್ತದೆ. ಅದಕ್ಕೇ ಎಲ್ಲರಿಗೂ ಅವಸರ. ಬೇಗ, ಬೇಗ ಅಂತ ಯಜಮಾನ ಕೂಗ್ತಾ ಇದ್ದ.

ಅಂಗಳ ಇಳಿಜಾರು. ಮಿಷನ್ ತಗ್ಗಿನಲ್ಲಿ ನಿಂತಿತ್ತು. ಇವನು ಗಾಡೀನ ಹಿಂದಕ್ಕೆ ತಂದು ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಎಂಜಿನ್ ಉರೀತಿದ್ದ ಹಂಗೇ ಇಳಿದ. ಗಾಡಿ ಜಾರ್ತದೆ ಅನ್ನೋದು ಅವನಿಗೂ ಗೊತ್ತು. ಅತ್ತ ಇತ್ತ ನೋಡಿ ಒಂದು ಇಟ್ಟಿಗೆ ಕಾಲಲ್ಲಿ ತಳ್ಳಿ ಚಕ್ರಕ್ಕೆ ಕೊಟ್ಟ. ನಾಡ ಇಟ್ಟಿಗೆ, ಮೆತ್ತಗಿನದು. ಕೊಂಡಿ ಸಿಗಿಸೋಕ್ಕೆ ಪಿನ್ನು ಹಿಡಕೊಂಡು ಗಾಡಿಗೂ ಮಿಷನ್ನಿಗೂ ಮಧ್ಯಕ್ಕೆ ಬಂದ. ಮಿಷನ್ನಿನ ಮೂತಿ, ಅಂದ್ರೆ ಗಾಡಿಗೆ ಸಿಗಿಸೋ ಮುಂದಿನ ಕಂಬಿ, ಎತ್ತೋಕ್ಕೆ ಆಚೆಗೊಬ್ಬ ಈಚೆಗೊಬ್ಬ ಗಂಡಾಳು ನಿಂತಿದ್ದರು. ನಾನು ಬಾಂಡ್ಲಿ ಹಿಡಕೊಂಡು ಹತ್ತು ಮಾರು ದೂರದಲ್ಲಿ. ಇಟ್ಟಿಗೆ ಬಿಸ್ಕತ್ತಿನಂಗೆ ಪುಡಿಯಾಗಿದ್ದು ನೋಡಿದೆ. ಕೂಗೋಷ್ಟು ಹೊತ್ತೂ ಇರಲಿಲ್ಲ. ಗಂಡಾಳು ಇಬ್ಬರೂ ಹಾರಿಕೊಂಡರು. ಅವನಿಗೆ ಹಾರೋಕ್ಕೆ ಜಾಗ ಇರಲಿಲ್ಲ.

ಸೊಂಟಕ್ಕೆ ಸರಿಯಾಗಿ ಹಿಡಕೊಂಡಿತ್ತು, ಹಿಂದೆ ಮಿಷನ್ನು, ಮುಂದೆ ಗಾಡಿ. ಅವನು ಕಿರುಚಲಿಲ್ಲ. ನನ್ನ ಕಡೆಗೆ ಕಣ್ಣು ತಿರುಗಿಸಿ ಸಣ್ಣ ದನೀಲಿ ಅಂದ, ‘ಕಲ್ಲು ಕೊಡಕ್ಕ.’

ಯಜಮಾನ ಓಡಿಬಂದು ಗಾಡಿ ಹತ್ತಿದ, ಮುಂದಕ್ಕೆ ತೆಗೆಯೋಣ ಅಂತ. ಆ ಕ್ಲಚ್ಚು ಅವನ ಕಾಲಿಗೆ ಬಗ್ಗಲಿಲ್ಲ. ಅರ್ಧಂಬರ್ಧ ಗೇರಿಗೆ ಬಿದ್ದು ಗಾಡಿ ಒಂದು ಸಲ ಎಗರಿ, ಎಂಜಿನ್ ನಿಂತು, ತಿರುಗಿ ಹಿಂದಕ್ಕೇ ಬಂದು ಕೂತಿತು. ಎಲ್ಲಿ ಕೂತಿತು ಅಂತ ಹೇಳಬೇಕಾಗಿಲ್ಲ. ಜಿಲ್ಲೆಗೇ ಇಲ್ಲದ ತಾಕತ್ತು ಅಂತ ಕುಣೀತಿದ್ದ ಗಾಡಿ, ಅದನ್ನ ಒಂದು ಅಡಿ ಮುಂದಕ್ಕೆ ತೆಗೆಯೋರು ದಿಕ್ಕಿಲ್ಲ. ಕಡೆಗೆ ಹೆಂಗಸರೇ ಎರಡೂ ಮಗ್ಗುಲಿಗೆ ಹೆಗಲು ಕೊಟ್ಟು ತಳ್ಳಿದ್ವಿ, ಹಿಂದೆಲ್ಲ ತಳ್ಳಿದಂಗೆ. ಕೊರವಂಗಲದವಳು ಅಳ್ತಾ ತಳ್ಳಿದಳು. ಒಂದು ಮೊಳ ಸರೀತು. ಕಲ್ಲು ಎಲ್ಲಿಂದ ತರಲಿ? ಕೈಲಿದ್ದ ಬಾಂಡ್ಲೀನ ಬೋರಲು ಹಾಕಿ ಚಕ್ರಕ್ಕೆ ಕೊಟ್ಟೆ. ಅಪ್ಪಚ್ಚಿಯಾಯ್ತು, ಆದ್ರೂ ತಡೀತು.

ಊರಿನ ಒಂದು ಗೂಡ್ಸ್ ಆಟೋದಲ್ಲಿ ಮಲಗಿಸಿದ್ರು. ಗಂಡಾಳು ಇಬ್ಬರು ಜೊತೆಗೆ ಹೋದರು. ಹಾಸನ ಮುಟ್ಟಲಿಲ್ಲ.

ನಾವು ಅಂಗಳದಲ್ಲಿ ನಿಂತಿದ್ವಿ. ಗೌಡರು ಜಗುಲಿ ಮೇಲಿಂದ ಒಂದು ಸಲ ಮೋಲ್ಡ್ ನೋಡಿದರು, ಒಂದು ಸಲ ಬಿಸಿಲು ನೋಡಿದರು. ‘ಆಗಿದ್ದು ಆಗೋಯ್ತು ಕಣ್ರವ್ವ. ಮಾಲು ಗಟ್ಟಿ ಆಯ್ತಾ ಅದೆ’ ಅಂದರು. ಯಜಮಾನ ನನ್ನ ಮುಖ ನೋಡಿದ. ನಾನು ಗ್ಯಾಂಗಿನ ಮುಖ ನೋಡಿದೆ. ಯಾರೂ ಬೇಡ ಅನ್ನಲಿಲ್ಲ. ಮಿಷನ್ನಿನ ಮೂತಿ ಮೇಲೆ ಎರಡು ಬಿಂದಿಗೆ ನೀರು ಹೊಯ್ದು ತೊಳೆದು, ಅದು ನಿಂತಿದ್ದಲ್ಲೇ ಸ್ಟಾರ್ಟ್ ಮಾಡಿದ್ರು. ಹಿಂದಿನ ಅರ್ಧಕ್ಕೆ ಮಾಲನ್ನ ನಾವು ತಲೆ ಮೇಲೆ ಹೊತ್ತೆವು. ಹೊತ್ತು ಮುಳುಗೋ ಮೊದಲು ಮುಗೀತು. ಎರಡು ಅರ್ಧ ಕೂಡಿದ ಕಡೆ ಎಲ್ಲೂ ಒಂದು ಗೀಟು ಇಲ್ಲ.

ಮೋಲ್ಡ್ ಮುಗಿದ ಮೇಲೆ ಬಾಡೂಟ ಹಾಕೋದು ಪದ್ಧತಿ. ಬೆಳಿಗ್ಗೆಯೇ ಮರಿ ಕುಯ್ದಿದ್ದರು. ತಿಂದ್ವಾ ಅಂದ್ರೆ ತಿಂದ್ವಿ. ದಿನವೆಲ್ಲ ಮಾಲು ಹೊತ್ತ ಹೊಟ್ಟೆ ಯಾರ ಮಾತೂ ಕೇಳೋದಿಲ್ಲ. ಮಿಷನ್ ತಂದ ಡ್ರೈವರಿಗೆ ಒಂದು ಟವೆಲ್ಲು, ಒಂದು ಕಾಯಿ ಕೊಡೋದೂ ಪದ್ಧತಿ. ಗೌಡರ ಹೆಂಡತಿ ಅದನ್ನ ಮರೀಲಿಲ್ಲ. ಮನೇಗ್ ಕೊಟ್ಬುಡವ್ವ ಅಂತ ನನ್ನ ಕೈಗೆ ಕೊಟ್ಟರು.

ನಾನು ಹೋಗೋ ಹೊತ್ತಿಗೆ ಅವನ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಬೀದಿ ಹೆಂಗಸರೆಲ್ಲ ಸೇರಿ ಗೋಳಾಡ್ತಿದ್ದರು. ಅವಳು ಮಾತ್ರ ಗೋಡೆಗೆ ಒರಗಿ ಕೂತಿದ್ದಳು. ಟವೆಲ್ಲು ಕಾಯಿ ಮುಂದೆ ಇಟ್ಟೆ.

‘ದಿಬ್ಬ ಅತ್ತಿಸ್ನಾ ಅಕ್ಕ?’ ಅಂದಳು.

‘ಅತ್ತಿಸ್ದ.’

‘ಯಾರೂ ಇಳೀಲಿಲ್ವಾ?’

‘ಯಾರೂ ಇಳೀಲಿಲ್ಲ.’

ಅವಳು ಆ ಟವೆಲ್ಲನ್ನ ಬಿಚ್ಚಿ, ಕೊಡವಿ, ಮತ್ತೆ ಮಡಿಸಿ ಇಟ್ಟಳು. ಅಷ್ಟೇ.

ತಿಥಿ ಆದ ಮೇಲೆ ತವರಿಗೆ ಹೋದಳು. ಬಸ್ಸಲ್ಲೇ. ಗಾಡೀನ ಕೊಳ್ಳೋರು ಯಾರೂ ಬರಲಿಲ್ಲ, ಗುಜರಿಗೆ ಹೋಯ್ತು. ಕಟ್ ಮಾಡೋ ಮೊದಲು ಅದೇ ಮೆಕ್ಯಾನಿಕ್ ಬಂದು ಟರ್ಬೋ ಬಿಚ್ಚಿಕೊಂಡು ಹೋದನಂತೆ. ಈಗ ಯಾವನ ಗಾಡೀಲಿ ಸಿಳ್ಳೆ ಹಾಕ್ತಾ ಇದೆಯೋ...

ಮೊನ್ನೆ ತಂಗಿ ಮಗನ ಮನೇಲಿ ಮೋಲ್ಡ್ ಮುಗೀತು, ಊಟ ಹಾಕಿದರು. ದೊಡ್ಡವ್ವ ಬಾಡು ಮುಟ್ಟಲೇ ಇಲ್ಲ ಅಂದರು. ಹಲ್ಲಿಲ್ಲ ಕಣಪ್ಪ ಅಂದೆ. ಹಲ್ಲು ಇಲ್ಲದ್ದೂ ನಿಜವೇ. ಪಿಕಪ್ಪಿನವನಿಗಾಗಿ ನಾನು ಅತ್ತೋಳಲ್ಲ, ಈಗಲೂ ಅಳೋದಿಲ್ಲ. ಅವನ ಮನೆ ಇದ್ದ ಜಾಗದಲ್ಲಿ ಬೇರೆಯವರು ಬಂದು ಗೋಡೆ ದಪ್ಪ ಮಾಡಿ ಕಟ್ಟಿಕೊಂಡರು, ಈಚೆಗೆ ಒಂದು ಮಾತೂ ಕೇಳೋದಿಲ್ಲ. ಅಷ್ಟು ಜೋರಾಗಿ ಅಕ್ಕ ಅಂತ ನನ್ನನ್ನ ಕೂಗೋರು ಆಮೇಲೆ ಯಾರೂ ಬರಲಿಲ್ಲ, ಅದೊಂದು ಹೋಯ್ತು.

ಅವನು ಸತ್ತ ಮಾರನೇ ಬೆಳಿಗ್ಗೆ, ಹೆಣ ಬರೋದು ಮಧ್ಯಾಹ್ನ ಆಗ್ತದೆ ಅಂದರು. ಗೌಡರ ಮನೆ ಮೋಲ್ಡು ಮಧ್ಯಾಹ್ನದ ತನಕ ಕಾಯೋದಿಲ್ಲ, ಬಿಸಿಲೇರೋ ಮೊದಲು ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲದಿದ್ರೆ ಬಿರುಕು ಬಿಡ್ತದೆ. ಮಿಷನ್ ವಾಪಸ್ಸು ತರೋಕ್ಕೆ ಅರಕಲಗೂಡಿನ ಟ್ರಾಕ್ಟರಿನವನು ಹೊರಟಿದ್ದ, ಅದರಲ್ಲೇ ಹತ್ತಿದೆ. ದಿಬ್ಬದ ಮೇಲೆ ನಿಲ್ಲಿಸಪ್ಪ ಅಂತ ಇಳಿದು ಲಂಟಾನದೊಳಗೆ ನುಗ್ಗಿದೆ. ಕೈಯೆಲ್ಲ ತರಚಿತು. ಎರಡೂ ಕಲ್ಲು ಸಿಕ್ಕವು. ಟ್ರಾಕ್ಟರಿಗೆ ಹಾಕಿ, ಹೋಗಿ ಮೋಲ್ಡಿಗೆ ನೀರು ಕಟ್ಟಿದೆ.